ರೂಢಿಯಾಗದ ಸದ್ದು

ಕಳೆದ ವೈಶಾಖದಲ್ಲಿ ನಮ್ಮ ಬಂಧುವರ್ಗದಲ್ಲಿ ನಡೆದ ಮದುವೆಯೊಂದರಲ್ಲಿ, ವರನು ಮಾಂಗಲ್ಯವನ್ನು ಕೈಗೆತ್ತಿಕೊಂಡು, ಪುರೋಹಿತರು ಬೆರಳನ್ನು ಮೇಲಕ್ಕೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗಿದೊಡನೆ, ಎರಡು ನಾದಸ್ವರಗಳೂ ಎರಡು ಡೋಲುಗಳೂ ಏಕಕಾಲದಲ್ಲಿ ಭೋರ್ಗರೆದು, ಅವಕ್ಕೆ ಧ್ವನಿವರ್ಧಕವೂ ಜೊತೆಗೂಡಿ, ಮುನ್ನೂರು ಜನ ಅಕ್ಷತೆಯನ್ನು ಹಿಡಿದು ಮಂಟಪದತ್ತ ನುಗ್ಗಿದ ಆ ಗಳಿಗೆಯಲ್ಲಿ, ನನ್ನ ತಂಗಿಯ 11 ವರ್ಷದ ಮಗ ಸಭೆಯಿಂದ ಮಾಯವಾದನು. ಹುಡುಕುತ್ತ ಹೋದ ನನಗೆ ಅವನು ಸಿಕ್ಕಿದ್ದು ಉಗ್ರಾಣದಲ್ಲಿ. ಎರಡು ಅಕ್ಕಿಮೂಟೆಗಳ ನಡುವಣ ಸಂದಿನಲ್ಲಿ ಬೆನ್ನನ್ನು ಬಲವಾಗಿ ಒತ್ತಿ ಕುಳಿತು, ಜರಿಯಂಚಿನ ರೇಷ್ಮೆ ಅಂಗಿಯನ್ನು ಕಳಚಿ, ಹೆಬ್ಬೆರಳುಗಳಿಂದ ಎರಡು ಕಿವಿಗಳನ್ನೂ ಮುಚ್ಚಿಕೊಂಡು, ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದನು. ಕಳಚಿದ ಅಂಗಿ ನೆಲಕ್ಕೆ ಬಿದ್ದಿರಲಿಲ್ಲ. ಬಾಳೆಲೆಯ ಕಟ್ಟಿನ ಮೇಲೆ, ಅವನ ತಾಯಿ ಕಲಿಸಿದ್ದ ಕ್ರಮದಲ್ಲಿಯೇ, ತೋಳುಗಳನ್ನು ಒಳಕ್ಕೆ ಮಡಿಸಿ ಇರಿಸಲ್ಪಟ್ಟಿತ್ತು. ಹಟಮಾಡಿ ಓಡಿಬಂದ ಹುಡುಗ ಅಂಗಿಯನ್ನು ಹಾಗೆ ಮಡಿಸಿಡುವನೆ ಎಂದು ನಾನು ಆಗಲೇ ಯೋಚಿಸಬೇಕಾಗಿತ್ತು. ಯೋಚಿಸಿದ್ದು ಮನೆಗೆ ಬಂದಮೇಲೆ.

ನನ್ನ ಹಿಂದೆಯೇ ಬಂದಿದ್ದ ದೊಡ್ಡಮ್ಮ ಬಾಗಿಲಲ್ಲಿ ನಿಂತು, “ಚಿಕ್ಕಂದಿನಿಂದ ರೂಢಿ ಮಾಡಿಸಬೇಕಾಗಿತ್ತು ಕಣಪ್ಪ. ನಾಲ್ಕು ಮದುವೆಮನೆಗೆ ಕರಕೊಂಡು ಹೋಗಿದ್ದಿದ್ದರೆ ತಾನಾಗಿ ಸರಿಹೋಗುತ್ತಿತ್ತು” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ನಾಲ್ಕಲ್ಲ, ಅವನನ್ನು ಹತ್ತು ಮದುವೆಗಳಿಗೆ ಕರೆದುಕೊಂಡು ಹೋಗಿದ್ದರು ಎಂಬುದನ್ನು ನಾನು ಹೇಳಲಿಲ್ಲ.

ಗಟ್ಟಿಮೇಳದ ಉದ್ದೇಶವೇನೆಂದು ಬಲ್ಲವರನ್ನು ಕೇಳಿದರೆ, ಮಾಂಗಲ್ಯಧಾರಣೆಯ ಮುಹೂರ್ತದಲ್ಲಿ ಸೀನು, ಅಳು, ಕೆಟ್ಟ ಮಾತು ಮೊದಲಾದ ಯಾವ ಅಶುಭಶಬ್ದವೂ ವಧೂವರರ ಕಿವಿಗೆ ಬೀಳದಿರಲೆಂದು ಹಿರಿಯರು ಕಂಡುಕೊಂಡ ಉಪಾಯವದು ಎನ್ನುತ್ತಾರೆ. ಬೇಡದ ಸದ್ದನ್ನು ಬೇಕಾದ ಸದ್ದಿನಿಂದ ಮುಚ್ಚುವ ಈ ಉಪಾಯವನ್ನೇ ನಮ್ಮ ಹುಡುಗನೂ ಉಗ್ರಾಣದಲ್ಲಿ ಕುಳಿತು ತನ್ನ ಅಳತೆಗೆ ತಕ್ಕಂತೆ ನಡೆಸುತ್ತಿದ್ದನು. ಆ ಗುಂಯ್‌ಗುಟ್ಟುವಿಕೆ ಅವನ ಗಟ್ಟಿಮೇಳ.

ಈ ಬಾಲಕನಿಗೆ ಆಟಿಸಂ ಇದೆ. ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದವೊಂದರಿಂದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್, ಬೇರೊಂದು ಮನೋರೋಗದ ವರ್ಣನೆಗಾಗಿ, ಕಳೆದ ಶತಮಾನದ ಆರಂಭದಲ್ಲಿ ರಚಿಸಿದ ಪದ ಇದು. ಕನ್ನಡದಲ್ಲಿ ಇದನ್ನು ಸ್ವಲೀನತೆಯೆಂದೂ ಸ್ವಮಗ್ನತೆಯೆಂದೂ ಅನುವಾದಿಸಿಕೊಂಡಿದ್ದೇವೆ. ಪದಗಳು ಸೊಗಸಾಗಿವೆ; ಆದರೆ ನನಗೆ ಅವು ಅಷ್ಟಾಗಿ ಒಪ್ಪಿಗೆಯಾಗಿಲ್ಲ. ತನ್ನಲ್ಲಿ ತಾನು ಲೀನನಾದವನನ್ನು ಹೊರಗಿನ ಸದ್ದು ಹೀಗೆ ಅಟ್ಟಿಸಿಕೊಂಡು ಹೋಗುವುದೆಂತು? ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳೆಂಬ ಐದು ಬಾಗಿಲುಗಳೂ ಸದಾ ಹಾರುಹೊಡೆದ ಮನೆಯಲ್ಲಿ ವಾಸಿಸುವವನನ್ನು ನಾವು ಬಾಗಿಲಿಕ್ಕಿಕೊಂಡು ಒಳಗೆ ಕುಳಿತವನೆಂದು ಕರೆಯುತ್ತಿದ್ದೇವೆಯೋ ಏನೋ ಎಂಬ ಶಂಕೆ ನನ್ನದು. ಬಾಗಿಲಿಕ್ಕಿಕೊಳ್ಳುವುದೂ ಉಂಟು. ಅದು ಹೊರಗಿನಿಂದ ನುಗ್ಗಿದ್ದು ತಡೆಯಲಾರದಷ್ಟಾದ ಮೇಲೆ.

ದೊಡ್ಡಮ್ಮನ ‘ರೂಢಿ’ಯ ಮಾತಿಗೆ ಹಿಂದಿರುಗೋಣ; ಏಕೆಂದರೆ ಈ ವಿಷಯದ ಗಂಟು ಇರುವುದು ಆ ಪದದಲ್ಲಿಯೇ. ರೂಢಿಯೆಂಬುದನ್ನು ನಾವು ಮನಸ್ಸಿಟ್ಟು ಸಾಧಿಸುವ ಒಂದು ಕಾರ್ಯವೆಂದು ಭಾವಿಸುತ್ತೇವೆ. ಸೋಮಾರಿಗೆ ಅದು ಸಾಧಿಸದು, ಶಿಸ್ತಿನವನಿಗೆ ಸಾಧಿಸುವುದು ಎಂದುಕೊಳ್ಳುತ್ತೇವೆ. ಆದರೆ ಅದರ ಬಹುಭಾಗವನ್ನು ನಡೆಸುವುದು ನಮ್ಮ ಅಪ್ಪಣೆಯನ್ನು ಕೇಳದ ನರವ್ಯೂಹ. ಬೆಳಗ್ಗೆ ತೊಟ್ಟ ಅಂಗಿ ಮೈಮೇಲಿದೆಯೆಂಬ ಅರಿವು ಕೆಲವೇ ನಿಮಿಷಗಳಲ್ಲಿ ಅಡಗುತ್ತದೆ. ಗೋಡೆಗಡಿಯಾರದ ಟಿಕ್‌ಟಿಕ್ ನಮಗೆ ಕೇಳಿಸುವುದು ಅದು ನಿಂತುಹೋದಾಗ. ಹೂವು ಮಾರುವಾಕೆಯನ್ನು ಮಲ್ಲಿಗೆಯ ಕಂಪಿನ ಬಗೆಗೆ ಕೇಳಿದರೆ ಆಕೆ ನಗುತ್ತಾಳೆ. ಚರ್ಮದಲ್ಲಿಯ ಕೆಲವು ಗ್ರಾಹಕಗಳು ಸ್ಪರ್ಶ ಆರಂಭವಾದಾಗಲೂ ಮುಗಿದಾಗಲೂ ಮಾತ್ರ ಸುದ್ದಿ ಕಳುಹಿಸಿ ನಡುವೆ ಸುಮ್ಮನಿರುತ್ತವೆ. ಸುಮ್ಮನಿರದ ಗ್ರಾಹಕಗಳು ಕಳುಹಿಸಿದ ಸುದ್ದಿಯನ್ನು ಮಿದುಳು, ಇದು ನಿನ್ನೆಯದೇ, ಇದರಿಂದ ಅಪಾಯವಿಲ್ಲ, ಎಂದು ಬದಿಗೆ ಸರಿಸುತ್ತದೆ. ಹೀಗೆ ಬದಿಗೆ ಸರಿಸುವ ಗುಮಾಸ್ತನೊಬ್ಬ ಒಳಗೆ ಕುಳಿತಿರುವುದರಿಂದಲೇ ನಾವು ಫ್ಯಾನಿನ ಕೆಳಗೆ, ಬೀದಿಯ ಗದ್ದಲದ ನಡುವೆ, ಇಸ್ತ್ರಿಯ ಕಾಲರು ಕತ್ತನ್ನು ಉಜ್ಜುತ್ತಿರುವಾಗ, ಎದುರಿನವರ ಮಾತಿಗೆ ಕಿವಿಗೊಡಬಲ್ಲೆವು.

ಆಟಿಸಂ ಇರುವ ಅನೇಕರಲ್ಲಿ ಈ ಬದಿಗೆ ಸರಿಸುವ ಕಾರ್ಯ ಬೇರೆ ರೀತಿಯಲ್ಲಿ ನಡೆಯುತ್ತದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಕ್ಕಳನ್ನೂ ಹದಿಹರೆಯದವರನ್ನೂ ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಯಂತ್ರದಲ್ಲಿ ಮಲಗಿಸಿ, ಒರಟು ಉಣ್ಣೆಯ ಬಟ್ಟೆಯಿಂದ ಅವರ ತೋಳನ್ನು ಉಜ್ಜಿದರು, ವಾಹನಸಂಚಾರದ ಸದ್ದನ್ನು ಕೇಳಿಸಿದರು, ಕೆಲವೊಮ್ಮೆ ಎರಡನ್ನೂ ಕೂಡಿಸಿದರು. ಭಯವನ್ನೂ ಅಪಾಯವನ್ನೂ ಗುರುತಿಸುವ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ, ಇಂದ್ರಿಯಸೂಕ್ಷ್ಮತೆ ಹೆಚ್ಚಾಗಿದ್ದ ಆಟಿಸಂ ಮಕ್ಕಳಲ್ಲಿ ಹೆಚ್ಚು ಎಚ್ಚೆತ್ತಿತು. ಅದಕ್ಕಿಂತ ಮುಖ್ಯವಾದದ್ದೆಂದರೆ, ಉಳಿದ ಮಕ್ಕಳಲ್ಲಿ ಅದು ಮರಳಿ ಮರಳಿ ಅದೇ ಸ್ಪರ್ಶ, ಅದೇ ಸದ್ದು ಬಂದಂತೆ ತಣ್ಣಗಾಗುತ್ತ ಬಂದರೆ, ಇವರಲ್ಲಿ ಹಾಗೆ ತಣ್ಣಗಾಗಲಿಲ್ಲ. ‘ರೂಢಿಯಾದರೆ ಸರಿಹೋಗುತ್ತದೆ’ ಎಂದು ನಾವು ಯಾವ ಶಕ್ತಿಯನ್ನು ನಂಬಿ ಹೇಳುತ್ತೇವೆಯೋ ಆ ಶಕ್ತಿಯೇ ಅಲ್ಲಿ ನಿಧಾನಿಸಿದೆ. ಕಾಲಿಗೆ ಪೆಟ್ಟಾದವನಿಗೆ ನಡೆದು ನಡೆದು ವಾಸಿಮಾಡಿಕೊ ಎಂದಂತಾಯಿತು ನಮ್ಮ ಹಿತವಚನ.

ಇದಕ್ಕೆ ಕಾರಣವೇನೆಂಬುದರಲ್ಲಿ ವಿದ್ವಾಂಸರು ಇನ್ನೂ ಏಕಾಭಿಪ್ರಾಯಕ್ಕೆ ಬಂದಿಲ್ಲ. 2012ರಲ್ಲಿ ಲಿಜ್ ಪೆಲಿಕಾನೋ ಮತ್ತು ಡೇವಿಡ್ ಬರ್ ಎಂಬವರು ಮಂಡಿಸಿದ ಒಂದು ವಾದ ನನಗೆ ಹೃದ್ಯವೆನಿಸಿತು. ನಾವು ಕಾಣುವುದೆಲ್ಲ ಕಣ್ಣಿಗೆ ಬಿದ್ದದ್ದೇ ಅಲ್ಲ; ಅನುಭವದಿಂದ ಕೂಡಿಟ್ಟ ನಿರೀಕ್ಷೆಯನ್ನು ಮಿದುಳು ಕಂಡದ್ದರೊಡನೆ ಬೆರೆಸಿ ಅದನ್ನು ಮೃದುಗೊಳಿಸಿ ನಮ್ಮ ಮುಂದಿಡುತ್ತದೆ; ಆಟಿಸಂನಲ್ಲಿ ಈ ಪೂರ್ವನಿರೀಕ್ಷೆಯ ಪಾಲು ಕಡಿಮೆಯಾಗಿರುವುದರಿಂದ ಜಗತ್ತು ಅಂಚು ಸವೆಯದೆ, ಬಂದದ್ದು ಬಂದ ಹಾಗೆಯೇ, ಒಳಗೆ ಬರುತ್ತದೆ ಎಂದು ಅವರ ಮತ. ಭಾರತ ಸಂಜಾತರಾದ, ಅಮೆರಿಕದ ಎಂಐಟಿಯಲ್ಲಿ ಅಧ್ಯಾಪಕರಾಗಿರುವ ಪವನ್ ಸಿನ್ಹಾ ಅವರೂ ಸಂಗಡಿಗರೂ 2014ರಲ್ಲಿ ಇದಕ್ಕೆ ಸಮೀಪವಾದ ಮಾತನ್ನೇ, ಮುಂದೆ ಬರುವುದನ್ನು ಊಹಿಸುವುದರಲ್ಲಿಯ ತೊಡಕೆಂದು, ಪ್ರತಿಪಾದಿಸಿದರು. ಈ ವಾದಗಳು ನಿಲ್ಲುವವೋ ಬೀಳುವವೋ ಕಾಲವೇ ಹೇಳಬೇಕು. ಆದರೆ ನಮ್ಮ ಮನೆಯ ಒಂದು ಒಗಟನ್ನು ಅವು ಬಿಡಿಸಿದವು.

ಆ ಒಗಟು ಮಿಕ್ಸಿಯದು. ತಾಯಿ ಅಡಿಗೆಮನೆಯಲ್ಲಿ ಚಟ್ನಿಗೆ ಮಿಕ್ಸಿಯನ್ನು ತಿರುಗಿಸಿದರೆ ಹುಡುಗ ಚೀರಿಕೊಂಡು ಮಹಡಿಗೆ ಓಡುತ್ತಿದ್ದನು. ಅದೇ ಮಿಕ್ಸಿಯನ್ನು, ಯಾರೂ ಇಲ್ಲದಾಗ, ತಾನೇ ತಿರುಗಿಸಿ, ಜಾರಿನ ಮೇಲೆ ಅಂಗೈಯಿಟ್ಟು ನಗುತ್ತ ನಿಂತಿರುತ್ತಿದ್ದನು. ‘ಸದ್ದು ನಿಜವಾಗಿ ನೋಯಿಸುವುದಾದರೆ ತಾನೇ ಮಾಡುವನೆ? ಎಲ್ಲ ನಾಟಕ’ ಎಂದು ಬಂಧುಗಳಲ್ಲಿ ಅರ್ಧ ಜನ ತೀರ್ಪು ಕೊಟ್ಟರು. ಆಟಿಸಂ ಎಂಬ ಹೆಸರನ್ನು ಈಗಿನ ಅರ್ಥದಲ್ಲಿ ನೆಲೆಗೊಳಿಸಿದ ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್, 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಈ ಒಗಟನ್ನು ಆಗಲೇ ಗುರುತಿಸಿದ್ದರು. ಆ ಮಕ್ಕಳು ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಮೊಟ್ಟೆ ಕಡೆಯುವ ಯಂತ್ರ ಮುಂತಾದವಕ್ಕೆ ಬೆದರುತ್ತಿದ್ದರೆಂದೂ, ಆದರೆ ತಾವೇ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡುತ್ತಿದ್ದರೆಂದೂ ಅವರು ಬರೆದಿಟ್ಟರು. ತನ್ನ ಕೈಯಿಂದಲೇ ಹುಟ್ಟುವ ಸದ್ದು ಬರುವುದಕ್ಕೆ ಮೊದಲೇ ಮಿದುಳಿಗೆ ಅದರ ವರ್ತಮಾನ ತಲುಪಿರುತ್ತದೆ. ಪರರ ಕೈಯಿಂದ ಬರುವುದು ಸಿಡಿಲು. ಈ ನ್ಯಾಯವನ್ನು ತಿಳಿದಮೇಲೆ ನನ್ನ ತಂಗಿ ಮಿಕ್ಸಿಯ ಗುಂಡಿಯನ್ನು ಅವನಿಗೇ ಒಪ್ಪಿಸಿಬಿಟ್ಟಳು. ಈಗ ಆ ಮನೆಯಲ್ಲಿ ಚಟ್ನಿ ಆಗಬೇಕಾದರೆ ಹುಡುಗ ಬರಬೇಕು. ಅವನು ಒಂದು, ಎರಡು, ಮೂರು ಎಂದು ಎಣಿಸಿ ಗುಂಡಿಯನ್ನು ತಿರುಗಿಸುತ್ತಾನೆ.

ಕ್ಯಾನರ್ ಇದನ್ನು ಕಂಡಿದ್ದರು. ಅವರಿಗಿಂತ ಮೊದಲು, 1920ರ ದಶಕದಲ್ಲಿ, ಮಾಸ್ಕೋದಲ್ಲಿ ಆರು ಮಂದಿ ಬಾಲಕರನ್ನು ವರ್ಣಿಸಿದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆಯೂ ಸದ್ದಿಗೆ ನೊಂದುಕೊಳ್ಳುವ ಸ್ವಭಾವವನ್ನು ದಾಖಲಿಸಿದ್ದಳು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ರುಚಿ, ಸ್ಪರ್ಶ, ಶಬ್ದಗಳ ವಿಷಯದಲ್ಲಿ ಇಂತಹುದನ್ನೇ ಹೇಳಿದ್ದನು. ಆದರೂ ಮನೋವೈದ್ಯರ ಅಧಿಕೃತ ಕೈಪಿಡಿಯಾದ ಅಮೆರಿಕದ ಡಿಎಸ್‌ಎಂ ಗ್ರಂಥದಲ್ಲಿ ಇಂದ್ರಿಯಗಳ ಅತಿಪ್ರತಿಕ್ರಿಯೆ ಮತ್ತು ಮಂದಪ್ರತಿಕ್ರಿಯೆಗಳು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರ ಐದನೆಯ ಆವೃತ್ತಿಯಲ್ಲಿ. ಎಪ್ಪತ್ತು ವರ್ಷಗಳ ಕಾಲ ಪಂಡಿತರು ಮಗುವಿನ ಮಾತನ್ನೂ ನೋಟವನ್ನೂ ಒಡನಾಟವನ್ನೂ ಅಳೆದರು. ಮಗುವಿಗೆ ಏನು ಕೇಳಿಸುತ್ತಿದೆಯೆಂಬುದು ಅಡಿಟಿಪ್ಪಣಿಯಾಗಿ ಉಳಿಯಿತು. ಅದನ್ನು ಮೇಲಕ್ಕೆ ತಂದುದರಲ್ಲಿ ಆಟಿಸಂ ಇರುವವರೇ ಬೆಳೆದು ದೊಡ್ಡವರಾಗಿ ಬರೆದ ಆತ್ಮಕಥನಗಳ ಪಾಲು ದೊಡ್ಡದು.

ಅಂತಹವರಲ್ಲಿ ಅಗ್ರಗಣ್ಯಳು ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಮುಂದೆ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿಯಾದ ಈಕೆಗೆ ಬಾಲ್ಯದಲ್ಲಿ ಶಾಲೆಯ ಗಂಟೆಯೆಂದರೆ ದಂತವೈದ್ಯನ ಬೈರಿಗೆ ನರಕ್ಕೆ ತಗುಲಿದಷ್ಟು ಯಾತನೆ. ಚರ್ಚಿಗೆ ಹೋಗುವ ದಿನ ತೊಡಿಸುತ್ತಿದ್ದ ಗರಿಗರಿಯಾದ ಉಡುಪು ಉಪ್ಪುಕಾಗದದಂತೆ. ಯಾರಾದರೂ ಅಪ್ಪಿಕೊಂಡರೆ ಸಹಿಸಲಾಗುತ್ತಿರಲಿಲ್ಲ. ಅಪ್ಪುಗೆ ಬೇಡವೆಂದಲ್ಲ, ಬೇಕೆಂಬ ಹಂಬಲವೇ ಇತ್ತು, ಆದರೆ ಅದರ ಅಳತೆ ತನ್ನ ಕೈಯಲ್ಲಿರಲಿಲ್ಲ. ಅರಿಜೋನಾದಲ್ಲಿಯ ಚಿಕ್ಕಮ್ಮನ ದನದ ಕಾವಲಿಗೆ ಹೋಗಿದ್ದಾಗ, ಚುಚ್ಚುಮದ್ದಿಗಾಗಿ ದನಗಳನ್ನು ಎರಡು ಹಲಗೆಗಳ ನಡುವೆ ಒತ್ತಿಹಿಡಿಯುವ ಚೌಕಟ್ಟನ್ನು ಕಂಡಳು. ಬೆದರಿದ ದನಗಳಲ್ಲಿ ಕೆಲವು ಆ ಒತ್ತಡದಲ್ಲಿ ಶಾಂತವಾಗುವುದನ್ನು ಗಮನಿಸಿದಳು. ತಾನೂ ಅದರಲ್ಲಿ ನಿಂತು ನೋಡಿದಳು. 18ನೆಯ ವಯಸ್ಸಿನಲ್ಲಿ ತನಗಾಗಿ ಅಂತಹುದೊಂದು ಯಂತ್ರವನ್ನು ಮರದಲ್ಲಿ ಕಟ್ಟಿಕೊಂಡಳು. ಒತ್ತಡ ಎಷ್ಟಿರಬೇಕೆಂಬುದನ್ನು ನಿರ್ಣಯಿಸುವ ಸನ್ನೆ ಅವಳ ಕೈಯಲ್ಲಿಯೇ ಇತ್ತು.

ಸ್ಪರ್ಶದ ಈ ವೈಚಿತ್ರ್ಯವನ್ನು ನಮ್ಮ ಮನೆಗಳಲ್ಲಿಯೂ ಕಾಣಬಹುದು. ಚರ್ಮದ ಮೇಲೆ ಹಗುರಾಗಿ ಹರಿದಾಡುವ ಸ್ಪರ್ಶಕ್ಕೂ ಆಳವಾಗಿ ಒತ್ತುವ ಸ್ಪರ್ಶಕ್ಕೂ ಬೇರೆ ಬೇರೆ ನರತಂತುಗಳಿವೆ. ಮೊದಲನೆಯದು ಮುಳ್ಳಾಗಿರುವವರಿಗೆ ಎರಡನೆಯದು ಎಷ್ಟೋ ವೇಳೆ ಅಮೃತ. ನಮ್ಮ ಹುಡುಗನ ಕೆನ್ನೆಯನ್ನು ಅಜ್ಜಿ ಬೆರಳ ತುದಿಯಿಂದ ಸವರಿ ದೃಷ್ಟಿ ನಿವಾಳಿಸಲು ಹೋದರೆ ಅವನು ಹೌಹಾರುತ್ತಾನೆ. ಅದೇ ಅಜ್ಜಿ ಭಾನುವಾರ ಅವನನ್ನು ಮಣೆಯ ಮೇಲೆ ಕೂರಿಸಿ, ಬಿಸಿ ಹರಳೆಣ್ಣೆಯನ್ನು ನೆತ್ತಿಗೆ ಬಡಿದು, ಹೆಗಲು ತೋಳುಗಳನ್ನು ಅಂಗೈಯ ಬುಡದಿಂದ ಭಾರವಾಗಿ ತಿಕ್ಕುವಾಗ ಕಣ್ಣುಮುಚ್ಚಿ ಕುಳಿತಿರುತ್ತಾನೆ. ಬೇಸಗೆಯಲ್ಲಿಯೂ ಅವನಿಗೆ ಹೊದೆಯಲು ಕುರುಬರು ನೇಯ್ದ ಕರಿಯ ಕಂಬಳಿಯೇ ಆಗಬೇಕು. ಅದರ ಒರಟುತನವನ್ನು ತಡೆಯಲೆಂದು ಒಳಗೆ ಸವೆದ ಹತ್ತಿಯ ಪಂಚೆ, ಮೇಲೆ ಕಂಬಳಿಯ ತೂಕ. ದೊಡ್ಡ ಊರುಗಳಲ್ಲಿ ಈಗ ತೂಕದ ಹೊದಿಕೆಯೆಂದು ಸಾವಿರಾರು ರೂಪಾಯಿಗೆ ಮಾರುತ್ತಿರುವ ವಸ್ತುವಿನ ತತ್ತ್ವ ಇದೇ. ಹಳೆಯ ಮನೆಗಳ ಪಡಸಾಲೆಯಲ್ಲಿದ್ದ ತೂಗುಮಣೆಯೂ ಹಾಗೆಯೇ: ಚಿಕಿತ್ಸಾಲಯಗಳಲ್ಲಿ ಮಗುವನ್ನು ಉಯ್ಯಾಲೆಯಲ್ಲಿ ಕೂರಿಸುವುದಕ್ಕೆ ಕಾರಣವಾದ ಸಮತೋಲನದ ಇಂದ್ರಿಯ, ಒಳಗಿವಿಯಲ್ಲಿರುವುದು, ನಮ್ಮ ಹಿರಿಯರ ಊಟಾನಂತರದ ತೂಗಾಟಕ್ಕೂ ಕಾರಣ. ಹೀಗೆಂದು ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳಹೊರಟವನಲ್ಲ ನಾನು. ಅವರಿಗೆ ತೂಗಿಕೊಳ್ಳುವುದು ಹಿತವಾಗಿತ್ತು, ತೂಗಿಕೊಂಡರು.

ಕ್ಷೌರದಂಗಡಿಯ ಕಷ್ಟ ಬೇರೆ. ಕತ್ತಿನ ಹಿಂದೆ ಉಗುಳುವ ನೀರಿನ ತುಂತುರು, ಕಿವಿಯ ಬಳಿ ಮೆಷಿನ್ನಿನ ಗುಯ್ಗಾಟ, ಕತ್ತರಿಸಿದ ಕೂದಲು ಕಾಲರಿನೊಳಗೆ ಇಳಿದು ಚುಚ್ಚುವುದು, ಇವೆಲ್ಲ ಒಟ್ಟಿಗೆ. ಆರು ತಿಂಗಳ ಕಾಲ ಕೂದಲು ಬಿಟ್ಟದ್ದುಂಟು. ಕಡೆಗೆ ಅಂಗಡಿಯವರೇ ಮಂಗಳವಾರ, ಅಂಗಡಿಗೆ ರಜೆಯಿರುವ ದಿನ, ಮನೆಗೆ ಬಂದು ಬರಿಯ ಕತ್ತರಿಯಿಂದ ಕತ್ತರಿಸಿ ಹೋಗಲು ಒಪ್ಪಿಕೊಂಡರು.

ಊಟದ ವಿಷಯದಲ್ಲಿ ನಾವು ಮಾಡುವ ಅನ್ಯಾಯ ಎಲ್ಲಕ್ಕಿಂತ ಹೆಚ್ಚಿನದು. ಏಕೆಂದರೆ ಎಲೆಯ ಮೇಲೆ ಬಡಿಸಿದ್ದನ್ನು ಬಿಡುವುದು ನಮ್ಮಲ್ಲಿ ದೋಷ ಮಾತ್ರವಲ್ಲ, ಅನ್ನದೇವತೆಗೆ ಮಾಡಿದ ಅಪಚಾರ. ಮೃದುವಾದ ಮೊಸರನ್ನದ ನಡುವೆ ಹಲ್ಲಿಗೆ ಸಿಕ್ಕುವ ಸಾಸಿವೆಯ ಕಾಳು, ಬೆಂಡೆಕಾಯಿಯ ಲೋಳೆ, ಇಂದು ಹುಳಿಬಂದು ನಿನ್ನೆ ಬಾರದಿದ್ದ ದೋಸೆಯ ಹಿಟ್ಟು, ಇವು ನಮಗೆ ವೈವಿಧ್ಯ. ಆ ನಾಲಗೆಗೆ ಮೋಸ. ಅಂಗಡಿಯ ಬಿಸ್ಕತ್ತು ಹೋದವಾರದಂತೆಯೇ ಈ ವಾರವೂ ಇರುತ್ತದೆಂಬುದರಿಂದ ಮಗು ಅದನ್ನೇ ಹಿಡಿದು ಕೂರುತ್ತದೆ. ಪೌಷ್ಟಿಕತೆಯ ದೃಷ್ಟಿಯಿಂದ ಇದು ನಿಜವಾದ ಚಿಂತೆಯೇ, ವೈದ್ಯರಿಗೆ ತೋರಿಸತಕ್ಕದ್ದೇ. ಆದರೆ ಮೂಗು ಹಿಡಿದು ತುರುಕುವುದರಿಂದ ಇದುವರೆಗೆ ಯಾವ ಮಗುವಿಗೂ ಬೆಂಡೆಕಾಯಿಯಲ್ಲಿ ಪ್ರೀತಿ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಬೆಳಕಿನದು ಒಂದು ಮಾತು. ಹಳೆಯ ಚೋಕಿನ ಟ್ಯೂಬ್‌ಲೈಟು, ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದುದರಿಂದ, ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಮಿನುಗು ತಮಗೆ ತಿಳಿಯುತ್ತದೆಂದೂ ಅದರ ಗುಂಯ್‌ಗಾನ ಕೇಳುತ್ತದೆಂದೂ ಹೇಳುವವರಿದ್ದಾರೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚಿತ್ರ ಅರ್ಧವಾದೀತು. ಒಂದು ಇಂದ್ರಿಯದಲ್ಲಿ ಅತಿ ಸೂಕ್ಷ್ಮವಾದವರು ಮತ್ತೊಂದರಲ್ಲಿ ಮಂದವಾಗಿರಬಹುದು. ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗದ ಮಗು, ಪಕ್ಕದ ಕೋಣೆಯಲ್ಲಿ ಚಾಕಲೇಟಿನ ಕಾಗದ ಬಿಚ್ಚಿದರೆ ಓಡಿಬರುತ್ತದೆ. ಕಿವುಡಿರಬಹುದೆಂಬ ಶಂಕೆಯಿಂದಲೇ ಎಷ್ಟೋ ತಂದೆತಾಯಿಗಳು ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗೆ ಹೋಗುವುದು. ಅದು ಒಳ್ಳೆಯದೇ, ಶ್ರವಣಪರೀಕ್ಷೆ ಆಗಲೇಬೇಕು. ಹಸಿವು, ಬಾಯಾರಿಕೆ, ಮೂತ್ರದ ಅವಸರ, ಎದೆಬಡಿತ ಇವನ್ನು ತಿಳಿಸುವ ಒಳಗಿನ ಅರಿವೂ ಕೆಲವರಲ್ಲಿ ಮಸಕಾಗಿರುತ್ತದೆ. ಕಾದ ಹಾಲಿನ ಪಾತ್ರೆ ತಾಗಿ ಬೊಬ್ಬೆ ಎದ್ದ ಕೈಯನ್ನು ನಮ್ಮ ಹುಡುಗ ಸಂಜೆಯವರೆಗೆ ಯಾರಿಗೂ ತೋರಿಸಿರಲಿಲ್ಲ. ಅಂಗಿಯ ಕತ್ತಿನ ಪಟ್ಟಿಯ ಚೀಟಿಗೆ ಅಳುವವನು ಸುಟ್ಟ ಗಾಯಕ್ಕೆ ಅಳಲಿಲ್ಲವೆಂದರೆ ನೋಡಿದವರು ಏನೆಂದುಕೊಂಡಾರು?

ಏನೆಂದುಕೊಳ್ಳುವರೆಂದರೆ, ಹಟವೆಂದು. ತಿತಿಕ್ಷೆಯನ್ನು, ಎಂದರೆ ಶೀತೋಷ್ಣಗಳನ್ನು ಸಮನಾಗಿ ಸಹಿಸುವುದನ್ನು, ಗುಣಗಳಲ್ಲಿ ಎಣಿಸಿ ಬೆಳೆದ ಸಮಾಜ ನಮ್ಮದು. ಸಹಿಸಲಾರದವನಲ್ಲಿ ಗುಣ ಸಾಲದೆಂಬ ತೀರ್ಮಾನಕ್ಕೆ ನಾವು ಬೇಗ ಬರುತ್ತೇವೆ. ಆದರೆ ಅದೇ ಪರಂಪರೆಯ ನೈಯಾಯಿಕರು ಇನ್ನೊಂದು ಮಾತನ್ನೂ ಹೇಳಿದ್ದರು. ಮನಸ್ಸು ಅಣುರೂಪವಾದುದು, ಅದು ಒಂದು ಹೊತ್ತಿಗೆ ಒಂದೇ ಇಂದ್ರಿಯದೊಡನೆ ಕೂಡಬಲ್ಲದು, ಆದುದರಿಂದಲೇ ಎಲ್ಲ ಇಂದ್ರಿಯಗಳ ಜ್ಞಾನವೂ ನಮಗೆ ಏಕಕಾಲದಲ್ಲಿ ಉಂಟಾಗುವುದಿಲ್ಲ ಎಂದು. ಈ ಕಾವಲಿನ ವ್ಯವಸ್ಥೆ ಸಡಿಲವಾಗಿ ಎಲ್ಲವೂ ಒಮ್ಮೆಗೇ ಒಳನುಗ್ಗಿದರೆ ಏನಾದೀತೆಂಬ ಪ್ರಶ್ನೆಯನ್ನು ಅವರು ಎತ್ತಿಕೊಳ್ಳಲಿಲ್ಲ. ಮದುವೆಮನೆಯ ಉಗ್ರಾಣಕ್ಕೆ ಬಂದಿದ್ದರೆ ಎತ್ತಿಕೊಳ್ಳುತ್ತಿದ್ದರೇನೊ.

ಹಟಕ್ಕೂ ಈ ಕುಸಿತಕ್ಕೂ ಇರುವ ಭೇದ ಬಲ್ಲವರಿಗೆ ಕಷ್ಟವಿಲ್ಲದೆ ತಿಳಿಯುತ್ತದೆ. ಹಟಮಾಡುವ ಮಗು ನಡುನಡುವೆ ನಮ್ಮ ಮುಖವನ್ನು ನೋಡುತ್ತದೆ. ಬೇಡಿದ್ದು ಸಿಕ್ಕಿದರೆ ಅಳು ನಿಲ್ಲುತ್ತದೆ. ಆಟಿಸಂ ಇರುವವರು ಮೆಲ್ಟ್‌ಡೌನ್ ಎಂದು ಕರೆಯುವ ಸ್ಥಿತಿಯಲ್ಲಿ ಯಾರ ಮುಖವೂ ಕಾಣುವುದಿಲ್ಲ, ಏನು ಕೊಟ್ಟರೂ ನಿಲ್ಲುವುದಿಲ್ಲ. ಮುಗಿದಮೇಲೆ ಉಳಿಯುವುದು ಆಯಾಸವೂ ನಾಚಿಕೆಯೂ. ಕೆಲವರು ಕೂಗುವುದಿಲ್ಲ, ಮಾತು ಕಟ್ಟಿಹೋಗಿ ಕಲ್ಲಿನಂತೆ ಕುಳಿತುಬಿಡುತ್ತಾರೆ. ‘ನಿನ್ನೆ ಇದೇ ಸದ್ದಿಗೆ ಸುಮ್ಮನಿದ್ದೆಯಲ್ಲ, ಇವತ್ತೇನು ಬಂತು?’ ಎಂಬ ಪ್ರಶ್ನೆ ಆಗ ಸಹಜವಾಗಿ ಏಳುತ್ತದೆ. ಕೆರೆಯ ಕೋಡಿ ಬೀಳುವುದನ್ನು ಕಂಡವರು ಈ ಪ್ರಶ್ನೆಯನ್ನು ಕೇಳಲಾರರು. ಬೆಳಗಿನ ಶಾಲಾವಾಹನದ ಹಾರನ್ನು, ಸಮವಸ್ತ್ರದ ಟೈ, ಪ್ರಾರ್ಥನೆಯ ಮೈಕು, ಸಾಂಬಾರಿನ ಒಗ್ಗರಣೆಯ ಘಾಟು, ಇವೆಲ್ಲ ಹನಿಹನಿಯಾಗಿ ಕೆರೆಗೆ ಸೇರಿ ನೀರು ಏರಿಯ ಮಟ್ಟಕ್ಕೆ ಬಂದಿರುವಾಗ ಸಂಜೆ ಯಾರೋ ಚಮಚವನ್ನು ಬೀಳಿಸುತ್ತಾರೆ. ಕೋಡಿ ಬೀಳುತ್ತದೆ. ಮನೆಯವರು ಚಮಚವನ್ನು ದೂರುತ್ತಾರೆ.

ಮಕ್ಕಳ ಮಾತಾಯಿತು, ಮಕ್ಕಳು ಬೆಳೆಯುತ್ತಾರೆ. ಬೆಂಗಳೂರಿನ ತಂತ್ರಾಂಶದ ಕಚೇರಿಯೊಂದರಲ್ಲಿ ಕೆಲಸಮಾಡುವ, 34ನೆಯ ವಯಸ್ಸಿನಲ್ಲಿ ತನಗೆ ಆಟಿಸಂ ಇದೆಯೆಂದು ತಿಳಿದುಕೊಂಡ ಪರಿಚಿತಳೊಬ್ಬಳಿದ್ದಾಳೆ. ಗೋಡೆಗಳಿಲ್ಲದ ಆ ದೊಡ್ಡ ಹಜಾರದಲ್ಲಿ ನಲವತ್ತು ಜನರ ಮಾತು, ಕೀಲಿಮಣೆಗಳ ಟಕಟಕ, ಎಸಿಯ ಗಾಳಿ, ಯಾರೋ ಬಿಸಿಮಾಡಿದ ಊಟದ ವಾಸನೆ, ಇವೆಲ್ಲದರ ನಡುವೆ ಮುಖದಲ್ಲಿ ಮುಗುಳುನಗೆಯನ್ನಿಟ್ಟು ಹತ್ತು ವರ್ಷ ಕಳೆದಳು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕತ್ತಲ ಬಚ್ಚಲಮನೆಯಲ್ಲಿ ಅರ್ಧಗಂಟೆ ಕುಳಿತಿರುತ್ತಿದ್ದಳಂತೆ. ಎಲ್ಲರೂ ಹೀಗೆಯೇ ಕುಳಿತಿರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ, ಎಂದು ಅವಳು ತಿಳಿದಿದ್ದಳು. ಹೆಣ್ಣುಮಕ್ಕಳಲ್ಲಿ ಈ ಮರೆಸಿಕೊಳ್ಳುವ ಕಲೆ ಹೆಚ್ಚೆಂದು ತಜ್ಞರು ಹೇಳುತ್ತಾರೆ. ತಗ್ಗಿಬಗ್ಗಿ ನಡೆ, ಎದುರಾಡಬೇಡ ಎಂದು ನಾವು ಅವರಿಗೆ ಕಲಿಸುವ ಪಾಠವನ್ನು ನೆನೆದರೆ ಆಶ್ಚರ್ಯವಿಲ್ಲ. ಈಗ ಅವಳಿಗೆ ಮೂಲೆಯ ಮೇಜು ದೊರೆತಿದೆ, ಸದ್ದನ್ನು ತಗ್ಗಿಸುವ ಹೆಡ್‌ಫೋನು ಇದೆ, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಅಷ್ಟಕ್ಕೆ ಕಚೇರಿಗಾದ ಖರ್ಚು ಏನೂ ಇಲ್ಲವೆನ್ನಬಹುದು.

ಅದನ್ನು ಕೇಳುವ ಹಕ್ಕೂ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಮಿತಿಮೀರಿದ ಹೊರೆಯಾಗದಂತೆ ಅನುಕೂಲಗಳನ್ನು ಮಾಡಿಕೊಡಬೇಕೆಂಬುದು ಅದರ ಆಶಯ. ಆಟಿಸಂನ ಪ್ರಮಾಣವನ್ನು ಅಳೆಯಲು ನಮ್ಮ ದೇಶದಲ್ಲಿಯೇ ರೂಪಿಸಿದ, ಐಎಸ್‌ಎಎ ಎಂಬ 40 ಪ್ರಶ್ನೆಗಳ ಮಾಪನದ ಆರು ವಿಭಾಗಗಳಲ್ಲಿ ಒಂದು ಇಂದ್ರಿಯಸಂವೇದನೆಗೆ ಮೀಸಲಾಗಿದೆ. ಚಿಕಿತ್ಸೆಯ ವಿಷಯದಲ್ಲಿ ನಾನು ಸ್ವಲ್ಪ ಸಂಕೋಚದ ಮನುಷ್ಯ. ಅಮೆರಿಕದ ಜೀನ್ ಏರ್ಸ್ 1970ರ ದಶಕದಲ್ಲಿ ಬಳಕೆಗೆ ತಂದ ಇಂದ್ರಿಯಸಮನ್ವಯದ ವಿಧಾನವನ್ನು ಆಕ್ಯುಪೇಷನಲ್ ಥೆರಪಿಯವರು ನಡೆಸುತ್ತಾರೆ. ಅದರ ಫಲದ ಬಗೆಗೆ ಪುರಾವೆ ಮಿಶ್ರವಾಗಿದೆ. ಒಳ್ಳೆಯ ಚಿಕಿತ್ಸಕರ ಕೈಯಲ್ಲಿ ಮಗು ನಲಿಯುವುದನ್ನು ಕಂಡಿದ್ದೇನೆ, ಬಣ್ಣದ ಚೆಂಡುಗಳ ಕೋಣೆಗೆ ದುಬಾರಿ ಶುಲ್ಕ ತೆತ್ತು ಬರಿಗೈಯಲ್ಲಿ ಬಂದವರನ್ನೂ ಕಂಡಿದ್ದೇನೆ. ಆಟಿಸಂ ‘ಗುಣ’ವಾಗುತ್ತದೆಂದು ಯಾರಾದರೂ ಹೇಳಿದರೆ ಆ ಮೆಟ್ಟಲಿನಿಂದಲೇ ಹಿಂದಿರುಗುವುದು ಕ್ಷೇಮ.

ಊರಿನ ಸದ್ದಿನದು ಎಲ್ಲರಿಗೂ ಸೇರಿದ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿಷೇಧ. ಪಟಾಕಿಗೆ ಬೇರೆ ಲೆಕ್ಕ: ಸಿಡಿಯುವಲ್ಲಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ಡೆಸಿಬೆಲ್ 10 ಹೆಚ್ಚಾದಂತೆಲ್ಲ ಶಬ್ದದ ತೀವ್ರತೆ ಹತ್ತುಪಟ್ಟಾಗುವುದರಿಂದ, ಅಳೆಯುವ ಕ್ರಮಗಳು ಬೇರೆಯಾದರೂ ಸ್ಥೂಲವಾಗಿ, 55ಕ್ಕೂ 125ಕ್ಕೂ ನಡುವಣ ಅಂತರ ಒಂದು ಕೋಟಿ ಪಟ್ಟು. ದೀಪಾವಳಿಯ ಮೂರು ದಿನ ನನ್ನ ತಂಗಿಯ ಸಂಸಾರ ಊರಾಚೆಯ ತೋಟದ ಮನೆಯಲ್ಲಿರುತ್ತದೆ. ಇಂಗ್ಲೆಂಡಿನ ಗ್ಯಾಟ್‌ವಿಕ್ ವಿಮಾನನಿಲ್ದಾಣದಲ್ಲಿ 2016ರಲ್ಲಿ, ಹೊರಗೆ ಕಾಣದ ತೊಂದರೆಯುಳ್ಳವರು ಬಾಯಿಬಿಟ್ಟು ವಿವರಿಸದೆಯೇ ಸಿಬ್ಬಂದಿಗೆ ತಿಳಿಯಲೆಂದು ಸೂರ್ಯಕಾಂತಿ ಹೂವಿನ ಕೊರಳಪಟ್ಟಿಯನ್ನು ಬಳಕೆಗೆ ತಂದರು. ಅದು ಬೆಂಗಳೂರಿನ ನಿಲ್ದಾಣಕ್ಕೂ ಬಂದಿದೆ. ಕಲ್ಯಾಣಮಂಟಪಗಳಿಗೆ ಇನ್ನೂ ಬಂದಿಲ್ಲ.

ಆದುದರಿಂದ ಈ ಸಲ, ಮಾಘಮಾಸದಲ್ಲಿ ನಮ್ಮ ಮನೆಯದೇ ಮದುವೆ ಒದಗಿದಾಗ, ನಾವು ನಮಗೆ ತೋಚಿದ್ದನ್ನು ಮಾಡಿದೆವು. ಜರಿಯ ಅಂಗಿಯ ಬದಲು ಹತ್ತು ಸಲ ಒಗೆದ ಹತ್ತಿಯ ಜುಬ್ಬ. ಕತ್ತಿನ ಚೀಟಿಯನ್ನು ಹೊಲಿಗೆಯೊಡನೆ ಬಿಚ್ಚಿತೆಗೆದದ್ದು. ಉಗ್ರಾಣದ ಮೂಲೆಯಲ್ಲಿ ಮೊದಲೇ ಹಾಸಿದ ಕಂಬಳಿ. ಹಿಂದಿನ ದಿನವೇ ನಾನು ಅವನನ್ನು ವಾಲಗದವರ ಬಳಿಗೆ ಕರೆದೊಯ್ದೆ. ಡೋಲಿನ ಮುದುಕರು ವಿಷಯವನ್ನು ಕೇಳಿ, ಅದರಲ್ಲೇನು ಕಷ್ಟ, ಬಾರಿಸುವ ಮೊದಲು ಮಗುವಿನ ಕಡೆಗೆ ಕೋಲೆತ್ತಿ ತೋರಿಸುತ್ತೇನೆ ಎಂದರು. ಡೋಲಿನ ಚರ್ಮದ ಮೇಲೆ ಅವನ ಅಂಗೈಯಿರಿಸಿ ಒಂದು ಪೆಟ್ಟು ಮೆಲ್ಲಗೆ ಬಾರಿಸಿದರು. ಅವನು ಇನ್ನೊಂದು ಕೇಳಿದನು.

ಧಾರೆಯ ಹೊತ್ತಿಗೆ ಅವನು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನನ್ನ ಮಗ್ಗುಲಿಗೆ ಒತ್ತಿ ಕುಳಿತಿದ್ದನು. ಮುದುಕರು ಜನರ ತಲೆಗಳ ಮೇಲಿಂದ ಕೋಲನ್ನು ಎತ್ತಿ ತೋರಿಸಿದರು. ಹುಡುಗ ನನ್ನ ಮೊಣಕೈಯನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು ಬಾಯಲ್ಲಿ ಎಣಿಸಲಾರಂಭಿಸಿದನು; ತುಟಿ ಅಲುಗುವುದು ಕಾಣುತ್ತಿತ್ತು, ಎಣಿಕೆ ಕೇಳುತ್ತಿರಲಿಲ್ಲ. ಮೇಳ ನಿಂತಮೇಲೆ ಹೆಡ್‌ಫೋನನ್ನು ಒಂದು ಕಿವಿಯಿಂದ ಮಾತ್ರ ಸರಿಸಿ,

“ಮಾವ, ಇನ್ನು ಎಷ್ಟು ಸಲ?” ಎಂದನು.

“ಇದೇ ಕೊನೆಯದು.”

“ಹಾಗಾದರೆ ಊಟಕ್ಕೆ ಹೋಗಬಹುದು. ಆದರೆ ಈಗ ಬೇಡ. ಅವರು ಹಪ್ಪಳ ಕರಿದು ಮುಗಿಸಲಿ.”